ಅಯ್ಯನವರೂ ಬೇಡ, ಭಟ್ಟರೂ ಬೇಡ ಅಂದರೆ ಮದುವೆ ನಡೆಸಿಕೊಡುವವರು ಯಾರು? ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಹೇಳಿ

ಬಿಸಿಲನಾಡಿನ ಹುಡುಗಿ (ರಾಯಚೂರು)

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನನ್ನ ಮದುವೆ, ರಾಯಚೂರಿನಲ್ಲೇ. ಹುಡುಗ ಬಳ್ಳಾರಿಯವನು. ಜಾತಿ ಬೇರೆ, ಧರ್ಮ ಒಂದೇ. ಎರಡೂ ಮನೆಯವರು ಒಪ್ಪಿದ್ದಾರೆ, ಅಷ್ಟರ ಮಟ್ಟಿಗೆ ನಮ್ಮ ಪುಣ್ಯ. ಗದ್ದಲ ಇರೋದು ಬೇರೆ ಕಡೆ. ನಮ್ಮ ಮನೆಯಲ್ಲಿ ಮದುವೆ ಅಂದರೆ ಲಿಂಗಾಯತರ ಪುರೋಹಿತರಾದ ಅಯ್ಯನವರು ಬರಬೇಕು. ಅವರ ಮನೆಯಲ್ಲಿ ಭಟ್ಟರು. ಯಾರನ್ನು ಕರೆದರೂ ಇನ್ನೊಂದು ಮನೆಯವರಿಗೆ ಕಸಿವಿಸಿ.

ನಮ್ಮಿಬ್ಬರಿಗೆ ಬೇಕಿರೋದು ಇಷ್ಟೇ: ಕೂತವರಿಗೆ ಅರ್ಥ ಆಗುವ ಮಾತು, ಒಂದು ಗಂಟೆಯೊಳಗೆ ಮುಗಿಯುವ ಮದುವೆ. ತಾಳಿ ಇರುತ್ತದೆ, ಅಕ್ಕಿಕಾಳು ಇರುತ್ತದೆ, ಊಟ ಅಂತೂ ಇದ್ದೇ ಇರುತ್ತದೆ. ಆದರೆ ಮುಂದೆ ನಿಂತು ನಡೆಸಿಕೊಡುವವರು ಯಾರು?

ಮನಸ್ಸಿನಲ್ಲಿ ಮೂವರಿದ್ದಾರೆ. ಒಬ್ಬರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು, ಈಗ ರಿಟೈರ್ ಆಗಿದ್ದಾರೆ. ಇನ್ನೊಬ್ಬರು ಹುಡುಗನ ಸೋದರತ್ತೆ. ಬ್ಯಾಂಕಿನಲ್ಲಿದ್ದವರು, ಕನ್ನಡ ತೆಲುಗು ಎರಡೂ ಸಲೀಸು. ಮೂರನೆಯವರು ದುಡ್ಡು ಕೊಟ್ಟರೆ ಬಂದು ಕಾರ್ಯಕ್ರಮ ನಿರೂಪಣೆ ಮಾಡುವವರು.

ಇನ್ನೊಂದು ಮಾತು. ಅಪ್ಪ ಇಲ್ಲ. ಅಮ್ಮನೇ ಎಲ್ಲ ಮಾಡಿದ್ದು. ಶಾಸ್ತ್ರದ ಹೊತ್ತಿಗೆ ಅಮ್ಮ ಹಿಂದೆ ಸರಿದು ಗೋಡೆಗೆ ಆತು ನಿಲ್ಲೋದು ನನಗೆ ಬೇಡ. ಇದನ್ನು ಅರ್ಥ ಮಾಡಿಕೊಳ್ಳುವವರು ಬೇಕು.

ಮಿರ್ಚಿ ಮಂಡಕ್ಕಿ

ತಂಗಿ, ಸುಮ್ನೆ ಅಯ್ಯನವರನ್ನೂ ಕರೀರಿ, ಭಟ್ಟರನ್ನೂ ಕರೀರಿ. ಅರ್ಧ ಗಂಟೆ ಇವರು, ಅರ್ಧ ಗಂಟೆ ಅವರು. ಇಬ್ಬರಿಗೂ ದಕ್ಷಿಣೆ ಕೊಟ್ಟು ಊಟಕ್ಕೆ ಕೂಡಿಸಿದರೆ ಮುಗೀತು. ಇಷ್ಟು ತಲೆ ಕೆಡಿಸಿಕೊಳ್ಳೋ ವಿಷಯನಾ ಇದು?

ಬಿಸಿಲನಾಡಿನ ಹುಡುಗಿ

ಅಣ್ಣಾ, ಮೊದಲು ನಾವೂ ಅದನ್ನೇ ಅಂದುಕೊಂಡಿದ್ದೆವು. ಯಾರು ಮೊದಲು ಅನ್ನೋದರ ಮೇಲೆ ಒಂದು ಭಾನುವಾರ ಪೂರ್ತಿ ಹೋಯಿತು.

ಕಪ್ಪುಕೋಟು (ಬಳ್ಳಾರಿ)

ಯಾರು ಅನ್ನೋದು ಆಮೇಲೆ. ಮೊದಲು ಕಾನೂನಿನ ಗಂಟು ಬಿಚ್ಚಿಕೊಳ್ಳಿ. ಎಷ್ಟೋ ಜನ ಇದನ್ನು ಕೊನೆಗೆ ಇಟ್ಟುಕೊಂಡು, ಪಾಸ್‌ಪೋರ್ಟ್ ಮಾಡಿಸೋ ಹೊತ್ತಿಗೆ ನನ್ನ ಹತ್ತಿರ ಬರುತ್ತಾರೆ.

ಚರ್ಚ್ ಮದುವೆಯಲ್ಲಿ ಪಾದ್ರಿಗಳಿಗೆ 1872ರ ಕ್ರಿಶ್ಚಿಯನ್ ವಿವಾಹ ಕಾಯ್ದೆಯಲ್ಲಿ ಅಧಿಕಾರ ಇದೆ. ನಿಮ್ಮ ಮದುವೆಯಲ್ಲಿ ಮುಂದೆ ನಿಲ್ಲುವವರಿಗೆ ಅಂಥದ್ದೇನೂ ಇಲ್ಲ. ಮೇಷ್ಟ್ರು ನಿಂತರೂ ಅಷ್ಟೇ, ಭಟ್ಟರು ನಿಂತರೂ ಅಷ್ಟೇ. 1955ರ ಹಿಂದೂ ವಿವಾಹ ಕಾಯ್ದೆ ನೋಡೋದು ಶಾಸ್ತ್ರವನ್ನು, ಮಾಡಿಸಿದವರನ್ನಲ್ಲ. ಏಳನೇ ಕಲಂ ಪ್ರಕಾರ ಹೆಣ್ಣಿನ ಕಡೆಯದೋ ಗಂಡಿನ ಕಡೆಯದೋ, ಒಂದು ರೂಢಿಯ ಶಾಸ್ತ್ರ ನಡೆದಿರಬೇಕು. ಆ ರೂಢಿಯಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ತಿ. ಶಾಸ್ತ್ರವನ್ನೇ ಮಾಡದೆ ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದ ಒಂದು ಜೋಡಿಯ ಕೇಸಿನಲ್ಲಿ, ಅದು ಹಿಂದೂ ಮದುವೆಯೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ತಮಿಳುನಾಡಿನಲ್ಲಿ 1967ರ ತಿದ್ದುಪಡಿ ಇದೆ. ಬಂಧುಬಳಗದ ಎದುರು ಒಪ್ಪಿದ್ದೇನೆ ಅಂತ ಹೇಳಿ ಹಾರ ಬದಲಾಯಿಸಿಕೊಂಡರೆ ಅಲ್ಲಿ ಮದುವೆ ಆದಂತೆ. ಉಂಗುರ ತೊಡಿಸಿದರೂ ಸರಿ, ತಾಳಿ ಕಟ್ಟಿದರೂ ಸರಿ. ನಮ್ಮ ರಾಜ್ಯದಲ್ಲಿ ಅಂಥ ತಿದ್ದುಪಡಿ ಇಲ್ಲ. ಆದ್ದರಿಂದ ಸ್ವಂತ ಮಾತಿನ ಮದುವೆ ಬೇಕು ಅನ್ನುವವರಿಗೆ ನಾನು ಹೇಳೋದು 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು, ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. 30 ದಿನ ಆಕ್ಷೇಪಣೆಗೆ ಕಾಯಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಮೂವರು ಸಾಕ್ಷಿ ಬೇಕು. ಅವರ ಮತ್ತು ಅಧಿಕಾರಿಯ ಮುಂದೆ ಒಬ್ಬರನ್ನೊಬ್ಬರು ಕಾನೂನುಬದ್ಧ ಗಂಡ, ಹೆಂಡತಿಯಾಗಿ ಸ್ವೀಕರಿಸಿದ್ದೇವೆ ಅಂತ ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಉಳಿದದ್ದು ಯಾವ ರೀತಿಯಲ್ಲಾದರೂ ಇರಲಿ ಅಂತ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮುಂಚಿನ ದಿನ ಸಹಿ ಮುಗಿಸಿಬಿಡಿ. ಮರುದಿನ ಹಂದರದಲ್ಲಿ ಯಾರು ನಿಂತರೂ, ಏನು ಓದಿದರೂ ಚಿಂತೆ ಇಲ್ಲ.

ಮಿರ್ಚಿ ಮಂಡಕ್ಕಿ

ವಕೀಲರೇ, ಸ್ಪೆಷಲ್ ಮ್ಯಾರೇಜ್ ಆದರೆ ಅಪ್ಪನ ಹೊಲದ ಪಾಲು ಹೋಗುತ್ತೆ ಅಂತಾರಲ್ಲ?

ಕಪ್ಪುಕೋಟು

ಅದು ಹಳೇ ಹೆದರಿಕೆ. ಇಬ್ಬರೂ ಹಿಂದೂಗಳಾದರೆ ಹಂಗಾಗುವುದಿಲ್ಲ. 1976ರಲ್ಲಿ 21ಎ ಅಂತ ಒಂದು ಕಲಂ ಸೇರಿಸಿ ಸರಿ ಮಾಡಿದ್ದಾರೆ. ಪಾಲು ಪಾಲೇ.

ಕುಷ್ಟಗಿ ಮೇಷ್ಟ್ರು

ಕಾನೂನು ಮಾತು ವಕೀಲರು ಹೇಳಿದ್ದಾರೆ, ಚಲೋ ಆಯಿತು. ನಾನು ನಮ್ಮ ಕಡೆ ಒಂದಷ್ಟು ಮಂತ್ರಮಾಂಗಲ್ಯದ ಮದುವೆ ನಡೆಸಿಕೊಟ್ಟಿದ್ದೇನೆ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಕುವೆಂಪು ಈ ರೀತಿ ಮಾಡಿದರು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ಓದಿ ಹೇಳುವವರೊಬ್ಬರು, ಒಪ್ಪಿ ಪ್ರತಿಜ್ಞೆ ಮಾಡುವವರಿಬ್ಬರು, ಅಷ್ಟೇ. ನಮ್ಮ ಸೀಮೆಯಲ್ಲಿ ಬಸವ ತತ್ವದವರು ವಚನ ಓದಿ ಮಾಡುವ ಕಲ್ಯಾಣವೂ ಹೆಚ್ಚುಕಡಿಮೆ ಇದೇ ದಾರಿ. ಎರಡನ್ನೂ ಬೆರೆಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಈಗ ನಿಮ್ಮ ಪ್ರಶ್ನೆ. ತಂಗಿ, ಮೇಷ್ಟ್ರು ಅಂದ ಕೂಡಲೇ ಹಿಗ್ಗಬೇಡಿ. ನಾನೂ ಮೇಷ್ಟ್ರೇ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಜಾತಿಗೆ ಮೈಕ್ ಕೊಟ್ಟರೆ ನಲವತ್ತೈದು ನಿಮಿಷದ ಪಿರಿಯಡ್ ಮುಗಿಯೋವರೆಗೆ ಬಿಡೋದಿಲ್ಲ. ಮದುವೆ ಅಂದರೇನು, ಸಂಸಾರ ಅಂದರೇನು ಅಂತ ಪಾಠ ಶುರುವಾಗುತ್ತದೆ. ಗಂಡು ಹೆಣ್ಣು ಬಾಸಿಂಗ ಕಟ್ಟಿಕೊಂಡು ಬೆವರುತ್ತಾ ನಿಂತಿರುತ್ತಾರೆ.

ನೀವು ಒಂದು ಕೆಲಸ ಮಾಡಿ. ಮೇಷ್ಟ್ರನ್ನೂ ಸೋದರತ್ತೆಯನ್ನೂ ಬೇರೆ ಬೇರೆ ಹೊತ್ತಿನಲ್ಲಿ ಮನೆಗೆ ಚಹಾಕ್ಕೆ ಕರೆಯಿರಿ. ವಿಷಯ ಹೇಳಿ ಸುಮ್ಮನೆ ಕೂತುಬಿಡಿ. ಅವರು ಮಾತು ಶುರು ಮಾಡುತ್ತಾರೋ, ಪ್ರಶ್ನೆ ಶುರು ಮಾಡುತ್ತಾರೋ ನೋಡಿ. "ನಿಮ್ಮ ತಾಯಿಗೆ ಏನು ಆಸೆ ಇದೆ? ಬೀಗರ ಮನೆಯಲ್ಲಿ ಯಾರು ಮುನಿಸಿಕೊಂಡಿದ್ದಾರೆ? ಹುಡುಗನ ಅಜ್ಜಿಗೆ ಕನ್ನಡ ಬರುತ್ತಾ?" ಹಿಂಗೆ ಕೇಳುವವರಿದ್ದರೆ ಕಣ್ಣು ಮುಚ್ಚಿಕೊಂಡು ಒಪ್ಪಿಸಿ. ಕಂಚಿನ ಕಂಠ, ಸಾಹಿತ್ಯ, ಪದ್ಯ ಬಾಯಿಪಾಠ, ಇವೆಲ್ಲ ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ.

ಸಿಂಧನೂರು ಸೋನಾಮಸೂರಿ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ತಂಗಿಯ ಮದುವೆ ನಡೆಸಿಕೊಟ್ಟವರು ನಮ್ಮ ಓಣಿಯ ಒಬ್ಬ ನರ್ಸಮ್ಮ, ಸರ್ಕಾರಿ ಆಸ್ಪತ್ರೆಯಲ್ಲಿದ್ದು ರಿಟೈರ್ ಆದವರು. ಸಾಹಿತ್ಯಕ್ಕೂ ಅವರಿಗೂ ಸಂಬಂಧ ಇಲ್ಲ. ಆದರೆ ಮದುವೆಗೆ ಮೊದಲು ಎರಡೂ ಮನೆಗೆ ಹೋಗಿ ಅಡುಗೆಮನೆಯಲ್ಲಿ ಕೂತು ಮಾತಾಡಿ ಬಂದರು. ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದರು. ಅದರಲ್ಲಿ ಪ್ರತಿಯೊಬ್ಬ ಹಿರಿಯರ ಹೆಸರು, ಅವರನ್ನು ಮನೆಯಲ್ಲಿ ಏನಂತ ಕರೆಯುತ್ತಾರೆ, ಯಾರಿಗೆ ಮೊಣಕಾಲು ನೋವು, ಯಾರನ್ನು ಮೆಟ್ಟಿಲು ಹತ್ತಿಸಬಾರದು, ಎಲ್ಲ ಬರೆದಿದ್ದರು.

ನಮ್ಮ ದೊಡ್ಡಮ್ಮನೂ ವಿಧವೆ. ನಮ್ಮ ಮದುವೆಗಳಲ್ಲಿ ಮೈಕಿನಲ್ಲಿ ಒಂದು ಮಾತು ಬಂದೇ ಬರುತ್ತೆ ಅಲ್ವಾ, "ಮುತ್ತೈದೆಯರು ಮೇಲೆ ಬನ್ನಿ" ಅಂತ. ಆ ಒಂದು ಮಾತಿಗೆ ದೊಡ್ಡಮ್ಮ ಎಷ್ಟೋ ಮದುವೆಗಳಲ್ಲಿ ಎದ್ದು ಅಡುಗೆ ಕಡೆ ಹೋಗಿದ್ದನ್ನು ನಾನೇ ನೋಡಿದ್ದೇನೆ. ನರ್ಸಮ್ಮ ಆ ಮಾತೇ ಆಡಲಿಲ್ಲ. "ಹುಡುಗಿಯನ್ನು ಎತ್ತಿ ಆಡಿಸಿದವರೆಲ್ಲ ಬನ್ನಿ" ಅಂದರು. ಆಮೇಲೆ ದೊಡ್ಡಮ್ಮನ ಹೆಸರು ಹಿಡಿದು ಕರೆದು ತಾಳಿಯ ತಟ್ಟೆ ಅವರ ಕೈಗೇ ಕೊಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಏನೋ ಗೊಣಗಿದರು. ಅಷ್ಟರಲ್ಲಿ ತಟ್ಟೆ ಮೂರನೇ ಸಾಲು ದಾಟಿತ್ತು.

ನಿಮ್ಮ ಅಮ್ಮನ ವಿಷಯವನ್ನು ನೀವು ಆರಿಸಿದವರಿಗೆ ಮೊದಲೇ ಹೇಳಿಬಿಡಿ. ಅಮ್ಮನಿಗೂ ಹೇಳಿ, ಅವರಿಗೆ ಗೊತ್ತಿಲ್ಲದಂತೆ ಮಾಡಬೇಡಿ. ಎಲ್ಲರ ಮುಂದೆ ಥಟ್ಟನೆ ಕರೆದರೆ ಅವರೇ "ಬೇಡ ಬೇಡ" ಅಂದುಬಿಡುತ್ತಾರೆ. ದೊಡ್ಡಮ್ಮನ ಹತ್ತಿರ ನರ್ಸಮ್ಮ ಮುಂಚೆಯೇ ಕೂತು ಒಪ್ಪಿಸಿದ್ದರು.

ಬಿಸಿಲನಾಡಿನ ಹುಡುಗಿ

ಅಕ್ಕಾ, ಓದಿ ಕಣ್ಣು ತುಂಬಿತು. ತಾಳಿ ತಟ್ಟೆ ಅಮ್ಮನ ಕೈಯಿಂದಲೇ ಶುರುವಾಗಬೇಕು ಅನ್ನೋದು ಈಗ ಗಟ್ಟಿ.

ಹಂದರದವನು (ಗಂಗಾವತಿ)

ನಾನು ಹಂದರ, ಮೈಕ್ ಸೆಟ್ ಕೆಲಸ ಮಾಡುವವನು. ಮಾತಾಡೋರು ಯಾರೂ ಹೇಳದ ವಿಷಯ ಹೇಳುತ್ತೇನೆ. ಮಂತ್ರ ಇಲ್ಲದ ಮದುವೆಯಲ್ಲಿ ದೊಡ್ಡ ತಾಪತ್ರಯ ಅಕ್ಕಿಕಾಳು. ಭಟ್ಟರಿದ್ದರೆ ಮಂಗಳಾಷ್ಟಕ ಇರುತ್ತದೆ, ಕೊನೆಗೆ ಗಟ್ಟಿಮೇಳ ಅಂದರೆ ಬಾಜಾ ಜೋರಾಗುತ್ತದೆ, ಜನ ಎದ್ದು ಕಾಳು ಹಾಕುತ್ತಾರೆ. ನಮ್ಮ ಜನರ ಕೈಗೆ ಅದು ಅಭ್ಯಾಸ. ಬರೀ ಮಾತಿನ ಮದುವೆಯಲ್ಲಿ ಯಾವಾಗ ಹಾಕಬೇಕು ಅಂತ ಯಾರಿಗೂ ತಿಳಿಯೋದಿಲ್ಲ.

ಒಂದು ಮದುವೆಯಲ್ಲಿ ಮುಂದೆ ನಿಂತವರು ಒಳ್ಳೇ ಮಾತುಗಾರರು. ಮಾತಿನ ನಡುವೆ ಒಂದು ಸಲ ಕೈ ಎತ್ತಿ ಜೋರಾಗಿ "ಶುಭವಾಗಲಿ" ಅಂದರು. ಸನಾದಿಯವನು ಇದೇ ಸಮಯ ಅಂದುಕೊಂಡು ಊದಿದ. ಜನ ಎದ್ದರು, ಕಾಳು ಬಿತ್ತು, ಹುಡುಗರು ಊಟದ ಕಡೆ ಓಡಿದರು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು! ಆಮೇಲೆ ತಾಳಿ ಕಟ್ಟುವಾಗ ಎಸೆಯೋಕೆ ಜನರ ಕೈಯಲ್ಲಿ ಕಾಳೇ ಇಲ್ಲ. ಅಡುಗೆಯವರ ಹತ್ತಿರ ಅಕ್ಕಿ ಇಸಿದುಕೊಂಡು ಅರಿಶಿಣ ಹಚ್ಚಿ ತಂದರು.

ಹಂಗಾಗಿ ನೀವು ಆರಿಸುವವರು ಬಾಜಾದವರ ಜೊತೆ ಮೊದಲೇ ಕೂತು ಮಾತಾಡೋ ಪೈಕಿ ಇರಬೇಕು. "ನಾನು ಟವೆಲ್ ಹೆಗಲಿಗೆ ಹಾಕಿಕೊಂಡಾಗ ಊದು, ಅಲ್ಲಿವರೆಗೆ ಊದಬೇಡ" ಅಂತ ಒಂದು ಗುರುತು ಇರಲಿ. ಕಾಳನ್ನೂ ಬಂದ ಕೂಡಲೇ ಹಂಚಬೇಡಿ. ತಾಳಿ ತಟ್ಟೆ ತಿರುಗಿಸೋಕೆ ಹೊರಟಾಗ ಅದರ ಹಿಂದೆಯೇ ಕಾಳಿನ ಬುಟ್ಟಿ ಬರಲಿ.

ಇನ್ನು ಕರೆಂಟ್. ಶಕ್ತಿನಗರದಲ್ಲೂ ಕುಡತಿನಿಯಲ್ಲೂ ಇಡೀ ರಾಜ್ಯಕ್ಕೆ ಕರೆಂಟ್ ಮಾಡುತ್ತಾರೆ, ನಮ್ಮ ಹಂದರದಲ್ಲಿ ತಾಳಿ ಹೊತ್ತಿಗೇ ಹೋಗುತ್ತದೆ. ಮೈಕ್ ಇಲ್ಲದೆಯೂ ನಾಲ್ಕು ಸಾಲಿಗೆ ಕೇಳುವಂಥ ದನಿ ಇದ್ದರೆ ಒಳ್ಳೇದು.

ಕೋಟೆ ಏರಿಯಾ (ಬಳ್ಳಾರಿ)

ಮೈಕ್ ಅಂದಾಗ ನೆನಪಾಯಿತು. ಗಣ್ಯರು! ನಮ್ಮ ಕಡೆ ಮದುವೆಗೆ ಗಣ್ಯರು ಬರದೇ ಇರೋದಿಲ್ಲ. ನನ್ನ ಗೆಳೆಯನ ಮದುವೆಯಲ್ಲಿ ಒಬ್ಬ ಲೀಡರ್ ಸರಿಯಾಗಿ ಪ್ರತಿಜ್ಞೆ ಹೊತ್ತಿಗೆ ಬಂದರು. ನಡೆಸಿಕೊಡುತ್ತಿದ್ದವರು ಅಲ್ಲಿಗೇ ನಿಲ್ಲಿಸಿ "ಮಾನ್ಯರು ಆಗಮಿಸಿದ್ದಾರೆ, ಜೋರಾದ ಚಪ್ಪಾಳೆ" ಅಂದರು. ಮಾನ್ಯರು ಮೈಕ್ ತೆಗೆದುಕೊಂಡು ರಸ್ತೆ, ಚರಂಡಿ, ಕುಡಿಯುವ ನೀರು ಎಲ್ಲ ಮುಗಿಸಿ ಹಾರೈಸಿದರು. ನನ್ನ ಗೆಳೆಯ ಅರ್ಧ ಪ್ರತಿಜ್ಞೆ ಹೇಳಿ ನಿಂತವನು ಮುಂದಿನದನ್ನು ಮರೆತೇಬಿಟ್ಟ. ಈಗಲೂ ಅವನ ಹೆಂಡತಿ ಹೇಳುತ್ತಿರುತ್ತಾಳೆ, "ನೀನು ನನಗೆ ಅರ್ಧ ಮಾತು ಮಾತ್ರ ಕೊಟ್ಟಿದ್ದು" ಅಂತ.

ಆದ್ದರಿಂದ ನನ್ನ ಲೆಕ್ಕದಲ್ಲಿ ಒಂದೇ ಪರೀಕ್ಷೆ. ದೊಡ್ಡ ಮನುಷ್ಯರು ಬಂದರೂ ಕೈಸನ್ನೆ ಮಾಡಿ ಮೊದಲ ಸಾಲಲ್ಲಿ ಕೂಡಿಸಿ, ತಮ್ಮ ಕೆಲಸ ಮುಂದುವರಿಸುವ ಎದೆ ಇದೆಯಾ? ಬ್ಯಾಂಕಿನಲ್ಲಿ ಕ್ಯೂ ನಿಲ್ಲಿಸಿ ಅಭ್ಯಾಸ ಇರೋ ಸೋದರತ್ತೆಗೆ ನನ್ನ ಓಟು.

ಮೈಕ್ ಮಾಮ

ನಾನು ನಿರೂಪಣೆ ಮಾಡಿಯೇ ಹೊಟ್ಟೆ ಹೊರೆಯುವವನು, ಹಾಗಾಗಿ ನಮ್ಮ ಪರವಾಗಿ ಒಂದು ಮಾತು. ನಮ್ಮವರನ್ನು ಒಂದೇ ಏಟಿಗೆ ತೆಗೆದುಹಾಕಬೇಡಿ. ಸಾವಿರ ಜನರ ಗದ್ದಲ ಹಿಡಿದಿಡೋದು ನಮಗೆ ಗೊತ್ತು, ಸಮಯಕ್ಕೆ ಮುಗಿಸುತ್ತೇವೆ. ಆದರೆ ಕೇಳಬೇಕಾದ್ದನ್ನು ಕೇಳಿಕೊಳ್ಳಿ. ಏನು ಓದುತ್ತೀರಿ ಅಂತ ಮೊದಲೇ ಬರೆದು ಕಳಿಸಲು ಹೇಳಿ. ನಮ್ಮಲ್ಲಿ ಕೆಲವರು ಒಂದೇ ಹಾಳೆಯಲ್ಲಿ ಹೆಸರು ಬದಲಾಯಿಸಿ ಎಲ್ಲ ಮದುವೆಗೂ ಓದುತ್ತಾರೆ. ಅದೇ ದಿನ ಇನ್ನೊಂದು ಮದುವೆ ಒಪ್ಪಿಕೊಂಡಿದ್ದಾರಾ ಕೇಳಿ. ಲಗ್ನದ ಸೀಸನ್‌ನಲ್ಲಿ ಬೆಳಿಗ್ಗೆ ಮಾನ್ವಿ, ಮಧ್ಯಾಹ್ನ ಲಿಂಗಸೂಗೂರು ಅಂತ ಓಡುವವರಿದ್ದಾರೆ, ಅವರ ಕಣ್ಣು ಗಡಿಯಾರದ ಮೇಲೇ ಇರುತ್ತದೆ. ಗಂಡ ಹೆಂಡತಿ ಜೋಕು ಬೇಡ ಅಂತ ಬಾಯಿ ಬಿಟ್ಟು ಹೇಳಿ. ಹೇಳದಿದ್ದರೆ ಬಂದೇ ಬರುತ್ತದೆ. ದುಡ್ಡಿನ ಮಾತು ಮೊದಲೇ ಆಗಲಿ, ಅಡ್ವಾನ್ಸ್ ಎಷ್ಟು, ಉಳಿದದ್ದು ಯಾವಾಗ ಅಂತ.

ಯಲಬುರ್ಗಾ ಅಯ್ಯ

ಇಷ್ಟೂ ಓದಿದೆ. ನಾನು ಜಂಗಮ, ಮನೆತನದಿಂದ ಬಂದ ಕೆಲಸ ಮದುವೆ ಮಾಡಿಸೋದು. ನಿಮಗೆಲ್ಲ ನಮ್ಮನ್ನು ಕಂಡರೆ ಯಾಕೆ ಇಷ್ಟು ಅಂಜಿಕೆ ಅಂತ ಒಂದು ಕ್ಷಣ ಅನ್ನಿಸಿತು.

ನೋಡವ್ವ ತಂಗಿ, ಬಸವಣ್ಣನವರ ಕಾಲದಲ್ಲಿ ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣ ಮಧುವರಸರ ಮನೆಗೂ ಕಲ್ಯಾಣದಲ್ಲಿ ಸಂಬಂಧ ಬೆಳೆದ ಕಥೆ ನಮ್ಮ ಮಠದ ಪುರಾಣದಲ್ಲಿ ಕೇಳಿ ಬೆಳೆದವ ನಾನು. ಜಾತಿ ಬೇರೆ ಅಂತ ಹಿಂದೆ ಸರಿಯೋದು ನನ್ನಿಂದ ಆಗೋದಿಲ್ಲ. ಎಲ್ಲ ಅಯ್ಯಗಳೂ ಹಿಂಗೇ ಅಂತ ಹೇಳೋದಿಲ್ಲ, ಕೆಲವರು ಒಪ್ಪೋದಿಲ್ಲ, ಅದು ನಿಜ. ಕೇಳಿ ನೋಡಬೇಕು. ಅರ್ಧ ಗಂಟೆಯಲ್ಲಿ ಮಾಡಿ ಅಂದರೆ ಅರ್ಧ ಗಂಟೆಯಲ್ಲಿ ಮಾಡುತ್ತೇವೆ. ಪಂಚಕಳಶ ಇಟ್ಟು, ಸುರಗಿಯ ನೂಲು ಸುತ್ತಿ, ನಾಲ್ಕು ವಚನ ಹೇಳಿ ಮುಗಿಸಿದ್ದೂ ಇದೆ. ನಮಗೆ ಬೇಸರ ಆಗೋದು ಬೇರೆ ವಿಷಯಕ್ಕೆ. ಎಲ್ಲ ನೀವೇ ಗೊತ್ತು ಮಾಡಿಕೊಂಡು, ಮುದುಕರ ಬಾಯಿ ಮುಚ್ಚಿಸೋಕೆ ನಮ್ಮನ್ನು ಮೂಲೆಯಲ್ಲಿ ಕೂಡಿಸುತ್ತೀರಿ. ಬಂದ ಮೇಲೆ "ಅಜ್ಜಾರ, ನೀವು ಸುಮ್ನೆ ಕೂಡ್ರಿ" ಅನ್ನುತ್ತೀರಿ. ಕರೆದರೆ ಕೆಲಸ ಕೊಡಿ. ಕೆಲಸ ಇಲ್ಲದಿದ್ದರೆ ಊಟಕ್ಕೆ ಕರೆಯಿರಿ, ಸಂತೋಷವಾಗಿ ಬಂದು ಉಣ್ಣುತ್ತೇವೆ.

ನಿಮ್ಮ ಮನೆಯ ಅಯ್ಯನವರ ಹತ್ತಿರ ಯಾರಾದರೂ ಹೋಗಿ ಮಾತಾಡಿದ್ದೀರಾ?

ಬಿಸಿಲನಾಡಿನ ಹುಡುಗಿ

ಇಲ್ಲ ಅಜ್ಜಾರೇ. ನಾವೇ ನಾವು ಮನೆಯಲ್ಲಿ ಜಗಳ ಆಡಿದ್ದು ಅಷ್ಟೇ. ಈ ವಾರ ಅಮ್ಮ ಹೋಗುತ್ತಾಳೆ.

ಮಿರ್ಚಿ ಮಂಡಕ್ಕಿ

ಅಂದರೆ ನಾನು ಮೊದಲು ಹೇಳಿದ್ದಕ್ಕೇ ಬಂತು ನೋಡಿ!

ಕುಷ್ಟಗಿ ಮೇಷ್ಟ್ರು

ಅಲ್ಲ ಮಾರಾಯರೇ. ನೀವು ಹೇಳಿದ್ದು ಇಬ್ಬರನ್ನು ಕರೆದು ಅರ್ಧರ್ಧ ಹಂಚಿ ಅಂತ. ಅಯ್ಯನವರು ಹೇಳುತ್ತಿರೋದು ಕರೆಯುವ ಮೊದಲು ಮಾತಾಡಿ ಅಂತ.

ತಂಗಿ, ಸಪ್ತಪದಿ ಹುಡುಗನ ಮನೆಯ ರೂಢಿ ಅಲ್ವಾ? ಅದನ್ನು ಬಿಡಬೇಡಿ. ಏಳು ಹೆಜ್ಜೆಗೂ ಒಂದೊಂದು ಮಾತು ನೀವಿಬ್ಬರೇ ಬರೆದುಕೊಳ್ಳಿ. ದೊಡ್ಡ ದೊಡ್ಡ ಮಾತು ಬೇಡ. ನಾನು ನಡೆಸಿಕೊಟ್ಟ ಒಂದು ಮದುವೆಯಲ್ಲಿ ಹುಡುಗ ನಾಲ್ಕನೇ ಹೆಜ್ಜೆಗೆ "ನಿನ್ನ ಸಂಬಳದ ಲೆಕ್ಕ ಕೇಳೋದಿಲ್ಲ" ಅಂದ. ಹುಡುಗಿ ಐದನೆಯದಕ್ಕೆ "ನಿಮ್ಮ ಅವ್ವನಿಗೆ ಹುಷಾರಿಲ್ಲದಾಗ ರಜೆ ಹಾಕೋದು ಇಬ್ಬರ ಪಾಳಿ" ಅಂದಳು. ಇಡೀ ಹಂದರ ನಕ್ಕಿತು, ಆದರೆ ಎಲ್ಲರಿಗೂ ನೆನಪಿರೋದು ಅದೇ. ಬರೆದದ್ದನ್ನು ನಡೆಸಿಕೊಡುವವರಿಗೆ ಮೊದಲೇ ತೋರಿಸಿ. ಅವರು ತಿದ್ದೋಕೆ ಶುರು ಮಾಡಿದರೆ ನಯವಾಗಿ ಹಾಳೆ ವಾಪಸ್ ಇಸಿದುಕೊಳ್ಳಿ.

ಸಿಂಧನೂರು ಸೋನಾಮಸೂರಿ

ಬಳ್ಳಾರಿ ಬೀಗರು ಅಂದರೆ ತೆಲುಗು ಮಾತಾಡುವವರು ಜಾಸ್ತಿ ಇರುತ್ತಾರೆ. ಪ್ರತಿಯೊಂದನ್ನೂ ಎರಡು ಭಾಷೆಯಲ್ಲಿ ಹೇಳಿಸಬೇಡಿ, ಬೇಸರ ಬರುತ್ತದೆ. ಯಾರಿಗೆ ಯಾವುದು ಮುಟ್ಟಬೇಕೋ ಅದನ್ನು ಅವರ ಭಾಷೆಯಲ್ಲಿ ಹೇಳಿದರೆ ಸಾಕು.

ಬಿಸಿಲನಾಡಿನ ಹುಡುಗಿ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಎಷ್ಟೋ ಆಗಿದೆ. ಮೇಷ್ಟ್ರನ್ನು ಚಹಾಕ್ಕೆ ಕರೆದೆವು. ಪಾಪ, ಚಹಾ ಆರುವವರೆಗೆ ಷೋಡಶ ಸಂಸ್ಕಾರಗಳ ಬಗ್ಗೆ ಹೇಳಿದರು. ಅವರಿಗೆ ಊಟಕ್ಕೆ ಮುಂಚೆ ಐದು ನಿಮಿಷದ ಹಾರೈಕೆ ಇಟ್ಟಿದ್ದೇವೆ. ಐದು ನಿಮಿಷ ಅಂತ ಎರಡು ಸಲ ಹೇಳಿದ್ದೇವೆ.

ಸೋದರತ್ತೆ ಬಂದವರೇ ಅಮ್ಮನ ಜೊತೆ ಒಳಗೆ ಹೋಗಿ ಕೂತರು. ಏನು ಮಾತಾಡಿಕೊಂಡರೋ, ಹೊರಗೆ ಬಂದಾಗ ಅಮ್ಮನೇ "ಇವರೇ ಇರಲಿ" ಅಂದಳು. ನಮ್ಮ ಅಯ್ಯನವರೂ ಒಪ್ಪಿದರು. ಸುರಗಿ ಶಾಸ್ತ್ರ ಬೆಳಿಗ್ಗೆ ಮನೆಯಲ್ಲಿ ಅವರೇ ಮಾಡಿಸುತ್ತಾರೆ. ಹಂದರದಲ್ಲಿ ತಾಳಿ, ಸಪ್ತಪದಿ ಸೋದರತ್ತೆ ನಡೆಸಿಕೊಡುತ್ತಾರೆ. ಹುಡುಗನ ಮನೆಯ ಭಟ್ಟರು ಒಪ್ಪಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ನೋಟಿಸ್ ಕೊಟ್ಟಾಯಿತು, ಸಹಿಗೆ ಮದುವೆಯ ಹಿಂದಿನ ಶುಕ್ರವಾರ ಹೋಗುತ್ತೇವೆ.

ಉಳಿದಿರೋದು ಸೋದರತ್ತೆಗೆ ಏನು ಕೊಡಬೇಕು ಅನ್ನೋದು. ಕವರ್‌ನಲ್ಲಿ ದುಡ್ಡು ಇಟ್ಟರೆ ಬೈಯುತ್ತಾರೆ. ಸಾಕ್ಷಿ ಸಹಿಗೆ ಅಯ್ಯನವರನ್ನು ಕರೆಯಬಹುದಾ ಅಂತಲೂ ಒಂದು ಡೌಟು.

ಸಿಂಧನೂರು ಸೋನಾಮಸೂರಿ

ಇಳಕಲ್ ಸೀರೆ ಉಡಿಸಿ. ಅಮ್ಮನಿಗೆ ತರುವಾಗ ಅದೇ ಅಂಗಡಿಯಲ್ಲಿ ಅದೇ ಬೆಲೆಯದು ಅವರಿಗೂ ತನ್ನಿ. ಮದುವೆ ದಿನ ಉಟ್ಟುಕೊಂಡೇ ನಡೆಸಿಕೊಡಲಿ.

ಕಪ್ಪುಕೋಟು

ಅಯ್ಯನವರನ್ನು ಧಾರಾಳವಾಗಿ ಕರೆಯಿರಿ, ಸಾಕ್ಷಿಗೆ ಜಾತಿ ಸಂಬಂಧ ಏನೂ ನೋಡೋದಿಲ್ಲ. ಮೂವರೂ ಆಧಾರ್ ತರಲಿ. ಶುಕ್ರವಾರ ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಮೇಲೆ ಸರ್ವರ್ ಕೈ ಕೊಟ್ಟರೆ ಸೋಮವಾರಕ್ಕೆ ಹೋಗುತ್ತದೆ. ಮದುವೆ ಭಾನುವಾರ ಅಲ್ವಾ?